150–600 ಜೂಮ್ ಲೆನ್ಸ್: ಅಳಿವೆಗೆ ಸೈ, ಕಾಡಿಗೆ ಅಷ್ಟಕ್ಕಷ್ಟೇ

ಹಕ್ಕಿಗಳ ಫೋಟೊಗೆಂದು 150–600 ಮಿ.ಮೀ. ಜೂಮ್ ಲೆನ್ಸ್ ಕೊಳ್ಳಲು ಹೊರಟವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದ ಬೆಳಗನ್ನು ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಳಿವೆಗಳಲ್ಲಿ ಕಳೆಯುವವರಾದರೆ ಕಣ್ಣು ಮುಚ್ಚಿಕೊಂಡು ಕೊಳ್ಳಿ. ಶಿರಸಿ, ಸಿದ್ದಾಪುರದ ಕಾಡಿನೊಳಗೇ ತಿರುಗುವವರಾದರೆ ಹಣವನ್ನು ಬೇರೆ ಲೆನ್ಸ್‌ಗೆ ಹಾಕಿ. ನನ್ನ ಮನೆ ಶಿರಸಿಯಲ್ಲಿ, ಚಟ ಘಟ್ಟದ ಕೆಳಗೆ. ಹಾಗಾಗಿ ಹಲವು ಚಳಿಗಾಲ ಇದನ್ನು ಎರಡೂ ಕಡೆ ಹೊತ್ತಿದ್ದೇನೆ. ಈ ಅಳತೆಯ ಲೆನ್ಸ್‌ಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾಡುತ್ತವೆ. ನಾನು ಹೇಳುವುದರಲ್ಲಿ ಬಹುಪಾಲು ಎಲ್ಲಕ್ಕೂ ಒಪ್ಪುವುದರಿಂದ ಹೆಸರು ಬೇಡ.

ಕುಮಟಾ ಕಡೆಯ ಅಘನಾಶಿನಿ ಅಳಿವೆ, ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ. ಪಟ್ಟ ಸಿಕ್ಕಿದ್ದು ಈಗ, ಹಕ್ಕಿಗಳಿಗೆ ವಿಷಯ ಮೊದಲೇ ಗೊತ್ತಿತ್ತು. ಇಳಿತದ ಹೊತ್ತಿಗೆ ಕೆಸರು ತೆರೆದುಕೊಂಡರೆ ಉತ್ತರದ ನಾಡುಗಳಿಂದ ಬಂದ ಸ್ಯಾಂಡ್‌ಪೈಪರ್, ಪ್ಲೋವರ್, ಉದ್ದ ಬಾಗುಕೊಕ್ಕಿನ ಕರ್ಲ್ಯೂಗಳೆಲ್ಲ ಅಲ್ಲಿ ಹಾಜರು. ಎಪಿಎಸ್-ಸಿ ಸೆನ್ಸರ್‌ನ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯದು) ನನ್ನ ಕ್ಯಾಮೆರಾದಲ್ಲಿ, 600ಕ್ಕೆ ಎಳೆದರೆ, 30 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 1.2 ಮೀಟರ್. 20 ಸೆಂ.ಮೀ. ಉದ್ದದ ಸ್ಯಾಂಡ್‌ಪೈಪರ್ ಅದರ ಆರನೇ ಒಂದು ಭಾಗದಷ್ಟು ಕಾಣುತ್ತದೆ. ಕತ್ತರಿಸಿಕೊಂಡರೆ ರೆಕ್ಕೆಯ ಅಂಚಿನ ಗರಿಗಳನ್ನು ಬಿಡಿಬಿಡಿಯಾಗಿ ನೋಡಬಹುದು. 60 ಮೀಟರ್‌ನಲ್ಲಿ ಹನ್ನೆರಡನೇ ಒಂದು ಭಾಗ. ಅಲ್ಲಿಗೆ ಗುರುತು ಹಿಡಿಯಲು ಸಾಕು, ಗೋಡೆಗೆ ಹಾಕಲು ಸಾಲದು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರ ಪಾಲಿಗೆ 600 ಎಂದರೆ ಚಂದ್ರನೂ ಅಂಗೈಯಲ್ಲಿ.

ಹಾಗಾದರೆ ಇನ್ನೂ ಉದ್ದದ ಜೂಮ್ ಇದ್ದರೆ? ಕರಾವಳಿಯಲ್ಲಿ ಅದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ಒಂಬತ್ತು ಗಂಟೆ ದಾಟುತ್ತಿದ್ದಂತೆ ಮರಳು ಕಾದು ಝಳ ಏಳುತ್ತದೆ. ಬಿಸಿ ಗಾಳಿಯ ಪದರ ಬೆಳಕನ್ನು ಅತ್ತಿತ್ತ ಬಾಗಿಸುವುದರಿಂದ ಮಾಜಾಳಿ ಕಡಲತೀರದಲ್ಲಿ ಕೂತ ಕಡಲಕಾಗೆಯ ಕಣ್ಣು ಫೋಟೊದಲ್ಲಿ ಕಲಸಿಹೋಗುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಯಾವ ಬೆಲೆಯ ಗಾಜಿಗೂ ಝಳದ ಆಚೆಗಿನದನ್ನು ನೆಟ್ಟಗೆ ತೋರಿಸಲು ಬರುವುದಿಲ್ಲ. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಅದರೊಳಗೆ ಇಳಿತ ಬರುವ ದಿನ, ಹಕ್ಕಿಗೆ ಹತ್ತಿರ ಕೂರುವ ತಾಳ್ಮೆ: ಈ ಮೂರೂ ಕೂಡಿದಾಗಲೇ ಲೆನ್ಸ್‌ನ ನಿಜವಾದ ಗುಣ ಕಾಣುವುದು. ಕೂರುವುದು ಎಂದೆ, ಬೇಕೆಂದೇ ಎಂದೆ. ಕೆಸರಿನಲ್ಲಿ ಬಾಗಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ ಪಕ್ಕದಲ್ಲೇ ಸ್ಯಾಂಡ್‌ಪೈಪರ್‌ಗಳು ಮೇಯುತ್ತಿರುತ್ತವೆ. ಟ್ರೈಪಾಡ್ ಹೊತ್ತು ನೆಟ್ಟಗೆ ನಿಂತವನನ್ನು ಕಂಡರೆ ಮಾತ್ರ ಹಿಂಡಿಗೆ ಹಿಂಡೇ ಎದ್ದು ಆಚೆ ದಡಕ್ಕೆ ಹೋಗುತ್ತದೆ. ನಾನು ಟ್ರೈಪಾಡ್ ಬಿಟ್ಟು, ಭತ್ತ ತುಂಬಿ ಹೊಲಿಸಿದ ಬಟ್ಟೆಯ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಲೆನ್ಸ್ ಒರಗಿಸುತ್ತೇನೆ.

ಹಾರುವ ಹಕ್ಕಿಗೆ ಫೋಕಸ್ ಪರವಾಗಿಲ್ಲ. ಕಾಳಿ ಅಳಿವೆಯಲ್ಲಿ ಗರುಡ ನೀರಿನ ಮಟ್ಟಕ್ಕೆ ಇಳಿದಾಗ ಲೆನ್ಸ್ ಅಲೆಗಳ ಮಿನುಗಿಗೆ ಮರುಳಾಗಿ ಹಕ್ಕಿಯನ್ನು ಕೈಬಿಡುವುದುಂಟು. ಪಕ್ಕದಲ್ಲಿರುವ ಫೋಕಸ್ ಮಿತಿಯ ಸ್ವಿಚ್ಚನ್ನು ದೂರಕ್ಕೆ ಹಾಕಿಟ್ಟರೆ ಹುಡುಕಾಟ ಎಷ್ಟೋ ಕಡಿಮೆ. ದೋಣಿಯಿಂದ ತೆಗೆಯುವಾಗ ಲೆನ್ಸ್‌ನೊಳಗಿನ ಅಲುಗಾಟ ತಡೆಯನ್ನು ನಂಬಿ ಶಟರ್ ವೇಗ ಇಳಿಸಬೇಡಿ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ. ಕಾರವಾರದ ಹೊಸಬರಿಗೆ ಇನ್ನೊಂದು: ಅರಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಛಾಯಾಗ್ರಹಣ ನಿಷಿದ್ಧ. ಎಂಥ ಕಡಲ ಹದ್ದು ಕಂಡರೂ ಲೆನ್ಸ್ ಚೀಲದಲ್ಲೇ ಇರಲಿ.

ಈಗ ಕಾಡಿನ ಮಾತು. 600ರಲ್ಲಿ ಈ ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು). ಮಂಜು ಕವಿದ ಡಿಸೆಂಬರ್ ಬೆಳಗಿನಲ್ಲಿ, ಹಂದರದಂತೆ ಕೂಡಿಕೊಂಡ ಮರಗಳ ಕೆಳಗೆ, ಸೆನ್ಸರ್‌ನ ಬೆಳಕಿನ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿದರೂ ಶಟರ್ ವೇಗ ಕುಂಟುತ್ತದೆ. ಕಾಕರಣೆ ಹಕ್ಕಿ ಕೂತಲ್ಲೇ ಕೂರುವ ಸ್ವಭಾವದ್ದು, ಅದೊಂದು ಸಿಗುತ್ತದೆ. ಭೀಮರಾಜ ಸಿಗುವುದಿಲ್ಲ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ತೋಟದ ಸೊಪ್ಪಿಗಾಗಿ ಮರಗಳನ್ನು ಸವರಿರುವುದರಿಂದ ಬೆಳಕು ಸ್ವಲ್ಪ ಹೆಚ್ಚು. ಮಂಗಟ್ಟೆ ಹಕ್ಕಿ, ಕೆಂದಳಿಲುಗಳಿಗೆ ಅಲ್ಲಿ ಕಾಯಬಹುದು. ಎಫ್/4ರ 300 ಮಿ.ಮೀ. ಲೆನ್ಸ್ ಸುಮಾರು ಎರಡೂವರೆ ಪಟ್ಟು ಬೆಳಕು ಒಳಬಿಡುತ್ತದೆ, ಭಾರವೂ ಕಡಿಮೆ. ಕಾಡಿಗೆ ನಾನು ಈಗ ಒಯ್ಯುವುದು ಹಳೆಯದಾದ ಅಂಥ ಒಂದನ್ನೇ.

ನಮ್ಮ ಜಿಲ್ಲೆಯಲ್ಲಿ ಈ ಲೆನ್ಸ್‌ಗೆ ದೊಡ್ಡ ಶತ್ರು ತೇವ. ಶಿರಸಿಯ ಚಳಿಯಲ್ಲಿ ರಾತ್ರಿಯೆಲ್ಲ ಕಾರಿನ ಡಿಕ್ಕಿಯಲ್ಲಿದ್ದ ಲೆನ್ಸ್ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದಾಗ, ಅಲ್ಲಿನ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಗಾಜಿಗೆ ತಗುಲಿ ಬೆವರುತ್ತದೆ. ಎಷ್ಟು ಒರೆಸಿದರೂ ಮತ್ತೆ ಮಂಜು. ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹಾಗೇ ಬಿಡಬೇಕು. ಚಹಾ, ತಿಂಡಿ ಮುಗಿಸಲು ಅದೇ ಸಮಯ. ಜೂಮ್ ಎಳೆದಾಗ ಕೊಳವೆ ಉದ್ದವಾಗುವ ಲೆನ್ಸ್ ಆದ್ದರಿಂದ ಎಳೆದಷ್ಟು ಸಲವೂ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನದರ ಒಳಗಾಜಿನ ಅಂಚಿನಲ್ಲಿ ಜೇಡನೂಲಿನಂಥ ಬಿಳಿ ಎಳೆಗಳು ಕಾಣಿಸಿಕೊಂಡವು. ಶಿಲೀಂಧ್ರ. ಬೆಂಗಳೂರಿನ ಸೇವಾ ಕೇಂದ್ರವೊಂದಕ್ಕೆ ಕೊರಿಯರ್ ಮಾಡಿದೆ. ವಾರಂಟಿಯಲ್ಲಿ ಬರುವುದಿಲ್ಲ ಎಂದರು, ಸರಿ. ಆದರೆ ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಸರ್" ಎನ್ನುತ್ತಲೇ ವಲಸೆ ಹಕ್ಕಿಗಳು ಬಂದು ನೆಲೆಯೂರುವ ತನಕ ಎಳೆದರು. ಗಾಜು ಶುಚಿಯಾಗಿ ಬಂತು ಎಂಬುದನ್ನೂ ಹೇಳಬೇಕು. ಈಗ ತೇವಾಂಶ ಶೇ. 45ರ ಆಸುಪಾಸಿನಲ್ಲಿರುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಇಟ್ಟುಕೊಂಡಿದ್ದೇನೆ. ಲೆನ್ಸ್‌ನ ಬೆಲೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಯೇ ಹಾಕಿ.

ತೂಕ ಎರಡು ಕಿಲೊ ಆಸುಪಾಸು. ಕುತ್ತಿಗೆಗೆ ನೇತುಹಾಕಬೇಡಿ, ಹೆಗಲಿಗೆ ಅಡ್ಡ ಬರುವ ಪಟ್ಟಿ ಕೊಳ್ಳಿ. ಗಾಜಿನ ಮುಂದೆ ನೆರಳಿಗೆ ಹಾಕುವ ಹುಡ್ ಗಟ್ಟಿಯಾಗಿದೆ. ಜೂಮ್ ಲಾಕ್ ಸಡಿಲವಾಗಿ, ಕೆಳಮುಖ ಹಿಡಿದರೆ ಕೊಳವೆ ತಾನಾಗಿ ಜಾರುತ್ತದೆ. ಎಲ್ಲರದ್ದೂ ಹೀಗೆಯೋ ನನ್ನದೊಂದೋ, ವಿಚಾರಿಸಿ ಕೊಳ್ಳಿ.

ಕಡಲಂಚಿಗೆ ಹೋಗಿ ಬಂದ ದಿನ ಹುಡ್ ಮತ್ತು ಕೊಳವೆಯನ್ನು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯನ್ನೇ ಮೊದಲು ಹಾಕಿದರೆ ಉಪ್ಪಿನ ಹರಳು ಗೀರುತ್ತದೆ. ಇಷ್ಟು ಮಾಡಿದರೂ ಲೆನ್ಸನ್ನು ಟ್ರೈಪಾಡ್ ಮೇಲೆ ಕೂರಿಸುವ ಪಾದವನ್ನು ಲೆನ್ಸ್‌ಗೆ ಬಿಗಿಯುವ ಪುಟ್ಟ ಸ್ಕ್ರೂಗಳಿಗೆ ತುಕ್ಕು ಹಿಡಿಯಿತು. ಕಾರವಾರದ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಸಿಕ್ಕವು, ಚಿಲ್ಲರೆ ಹಣಕ್ಕೆ.