ಕಾರ್ ಶೆಡ್ಡಿಗೆ ಕೆಂಪುಕಲ್ಲೋ ಬ್ಲಾಕೋ, ಮಿಕ್ಸರೋ ರೆಡಿಮಿಕ್ಸೋ: ಪರ್ಕಳ ಮತ್ತು ಉದ್ಯಾವರದ ಹೋಲಿಕೆ

ಉಡುಪಿ ಕಡೆ ಕಾರ್ ಶೆಡ್ ಕಟ್ಟುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಸಲಹೆಗೆ ಬರಗಾಲ ಇರುವುದಿಲ್ಲ. ಪಂಚಾಂಗಕ್ಕೆ, ಅಂದರೆ ಗೋಡೆಯಡಿಯ ತಳಗಟ್ಟಿಗೆ, ಕೆಂಪುಕಲ್ಲೇ ಆಗಬೇಕು ಅನ್ನುವವರಿದ್ದಾರೆ, ಕಲ್ಲಿನ ಕಾಲ ಮುಗಿಯಿತು ಕಾಂಕ್ರೀಟ್ ಬ್ಲಾಕ್ ಇಡಿ ಅನ್ನುವವರೂ ಇದ್ದಾರೆ. ನಾನು ಎರಡನ್ನೂ ಮಾಡಿಸಿದ್ದೇನೆ. ಒಂದು ಪರ್ಕಳದ ನಮ್ಮ ಮನೆಯದು: ಗುಡ್ಡದ ಜಾಗ, ಕೆಂಪುಕಲ್ಲಿನ ಪಂಚಾಂಗ, ಅಂಗಳದಲ್ಲೇ ಮಿಕ್ಸರ್ ತಿರುಗಿಸಿ ಹಾಕಿದ ನೆಲ. ಇನ್ನೊಂದು ಉದ್ಯಾವರದ ಅಕ್ಕನ ಮನೆಯದು: ಹಿಂದೆ ಗದ್ದೆಯಾಗಿದ್ದ ಜಾಗಕ್ಕೆ ಮಣ್ಣು ತುಂಬಿಸಿ, ಬ್ಲಾಕಿನ ಪಂಚಾಂಗ ಕಟ್ಟಿ, ರೆಡಿಮಿಕ್ಸ್ (ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ತರುವ ಕಾಂಕ್ರೀಟ್) ಹಾಕಿಸಿದ್ದು. ಎರಡೂ 12 ಅಡಿ ಅಗಲ, 20 ಅಡಿ ಉದ್ದ, ನೆಲ 5 ಇಂಚು ದಪ್ಪ. ಎರಡರ ಮೇಲೂ ಒಂದಕ್ಕಿಂತ ಹೆಚ್ಚು ಮಳೆಗಾಲ ಕಳೆದಿದೆ.

ಕಲ್ಲೋ ಬ್ಲಾಕೋ ಎಂಬ ಜಗಳಕ್ಕೆ ಇಳಿಯುವ ಮೊದಲು ಒಂದು ಮಾತು. ಇಂಥ ಶೆಡ್ಡಿನ ನೆಲ ಪಂಚಾಂಗದ ಮೇಲೆ ಕೂತಿರುವುದಿಲ್ಲ, ಪಂಚಾಂಗದ ಒಳಗೆ ತುಂಬಿದ ಮಣ್ಣಿನ ಮೇಲೆ ಕೂತಿರುತ್ತದೆ. ಪಂಚಾಂಗ ಗೋಡೆಯ ಭಾರ ಹೊರುತ್ತದೆ, ಒಳಗಿನ ಮಣ್ಣು ಹೊರಗೆ ಜಾರದಂತೆ ತಡೆಯುತ್ತದೆ, ಅಷ್ಟೆ. ನೆಲದ ಅಂಚನ್ನು ಗೋಡೆಗೆ ಕಚ್ಚಿಸಿಬಿಟ್ಟರೆ ಮಣ್ಣು ಸ್ವಲ್ಪ ಕುಸಿದಾಗ ನಡುಭಾಗ ಇಳಿಯುತ್ತದೆ, ಅಂಚು ಇಳಿಯುವುದಿಲ್ಲ. ಗೋಡೆಯಿಂದ ಒಂದೆರಡು ಅಡಿ ದೂರದಲ್ಲಿ ಉದ್ದಕ್ಕೆ ಬಿರುಕು ಬರುತ್ತದೆ. ಅದಕ್ಕೇ ಎರಡು ಕಡೆಯೂ ಗೋಡೆಗೂ ನೆಲಕ್ಕೂ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಪಟ್ಟಿ ಇಡಿಸಿದೆ. "ಇದೆಂತ ಮಾರಾಯ್ರೆ, ಫ್ರಿಜ್ಜಿನ ಪ್ಯಾಕಿಂಗಾ?" ಎಂದು ಮೇಸ್ತ್ರಿ ನಕ್ಕರು. ನಗಲಿ. ಅಂಥ ಬಿರುಕು ಎರಡು ಕಡೆಯೂ ಬಂದಿಲ್ಲ.

ಈಗ ಕೆಂಪುಕಲ್ಲು. ಪರ್ಕಳದಲ್ಲಿ ಎರಡಡಿ ಅಗೆಯುವಷ್ಟರಲ್ಲೇ ಹಾರೆ ಟಣ್ ಅಂದಿತು, ಗಟ್ಟಿ ಮುರ, ಅಂದರೆ ಕೆಂಪುಕಲ್ಲಿನ ಪದರ, ಸಿಕ್ಕಿತ್ತು. ಅದಕ್ಕಿಂತ ಒಳ್ಳೆಯ ಅಡಿಪಾಯ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ನಮ್ಮ ಗುಡ್ಡಗಳ ಕಥೆ ಮೇಲಿದ್ದಂತೆ ಕೆಳಗಿಲ್ಲ: ಗಟ್ಟಿ ಪದರದ ಅಡಿಯಲ್ಲಿ ಬಿಳಿ, ನಸುಗೆಂಪು ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಕಲ್ಲಿನ ಹಾಗೆ ನಿಲ್ಲುವ ಅದು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಜೆಸಿಬಿಯಿಂದ ಗುಡ್ಡ ತಗ್ಗಿಸಿ ಮಾಡಿದ ಸೈಟಾದರೆ ನೀವು ನಿಂತಿರುವುದು ಮುರದ ಮೇಲೋ ಶೇಡಿಯ ಮೇಲೋ ಎಂದು ಮೊದಲು ನೋಡಿ. ಆ ಶೇಡಿಯನ್ನೇ ಪಂಚಾಂಗದೊಳಗೆ ತುಂಬಿಸಿ ಉಳಿತಾಯ ಮಾಡುವ ಕಂಟ್ರಾಕ್ಟರರೂ ಇದ್ದಾರೆ, ಬಿಡಬೇಡಿ.

ಕೆಂಪುಕಲ್ಲಿನ ದೊಡ್ಡ ಗುಣ ನಮ್ಮ ಮೇಸ್ತ್ರಿಗಳ ಕೈ. ಕೊಡಲಿಯಲ್ಲಿ ಎರಡು ಪೆಟ್ಟು ಹಾಕಿ ಮೂಲೆಗೆ ಕೂರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ದೊಡ್ಡ ದೋಷವೆಂದರೆ ಒಂದೇ ಲೋಡಿನಲ್ಲಿ ಎರಡು ಜಾತಿಯ ಕಲ್ಲು ಬರುವುದು. ಭಾರತೀಯ ಮಾನಕ ಐಎಸ್ 3620 ಕಟ್ಟಡದ ಕೆಂಪುಕಲ್ಲಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಬಲ ಕೇಳುತ್ತದೆ. ಲ್ಯಾಬಿಗೆ ಯಾರು ಒಯ್ಯುತ್ತಾರೆ? ನಾನು ಮಾಡಿದ್ದು ಇಷ್ಟೇ: ಹಳದಿ ಮಣ್ಣು ತುಂಬಿದ ತೂತುಗಳು ಹೆಚ್ಚಿದ್ದ ಕಲ್ಲುಗಳನ್ನು ಬದಿಗಿಡಿಸಿದೆ, ಉಳಿದವುಗಳಲ್ಲಿ ಕೆಲವನ್ನು ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ಬೆರಳಿಂದ ಉಜ್ಜಿದೆ. ಅಂಚು ಉದುರಿದ ಬಗೆಯವು ಪಂಚಾಂಗಕ್ಕೆ ಹೋಗಲಿಲ್ಲ. ಪಣೆಯಿಂದ (ಕಲ್ಲು ಕೊಯ್ಯುವ ಕೋರೆಯಿಂದ) ಹಸಿಯಾಗಿ ಬಂದ ಕಲ್ಲು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ಬೇಗ ತರಿಸಿ ಪೇರಿಸಿಟ್ಟದ್ದು ಲಾಭವೇ ಆಯಿತು. ಮೆಷಿನಿನಲ್ಲಿ ಕೊಯ್ದ ಕಲ್ಲಾದರೂ ಮುಖ ಪೂರ್ತಿ ಸಮ ಇರುವುದಿಲ್ಲ, ಗಾರೆ ಬ್ಲಾಕಿಗಿಂತ ಹೆಚ್ಚೇ ಹಿಡಿಯುತ್ತದೆ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಮರಳು ಎರಡಕ್ಕೂ ತತ್ವಾರವಾಗಿ ಕೆಲಸಗಳೇ ನಿಂತದ್ದು ನೆನಪಿರಬಹುದು. ಕಲ್ಲನ್ನೇ ನಂಬಿದವರು ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಉದ್ಯಾವರದಲ್ಲಿ ಕಲ್ಲು ಬೇಡವೆಂದು ನಾನೇ ಪಟ್ಟು ಹಿಡಿದೆ. ಕಾರಣ ನೀರು. ಮಳೆಗಾಲದ ತಿಂಗಳುಗಟ್ಟಲೆ ಅಲ್ಲಿ ಪಂಚಾಂಗದ ಕೆಳಗಿನ ಸಾಲುಗಳು ನೀರಲ್ಲೇ ಇರುತ್ತವೆ, ಒದ್ದೆ ಕೆಂಪುಕಲ್ಲಿನ ಬಲ ಒಣಕಲ್ಲಿನಷ್ಟು ಇರುವುದಿಲ್ಲ. ಹಳೆಯ ಮನೆಗಳೆಲ್ಲ ಕಲ್ಲಿನ ಮೇಲೇ ನಿಂತಿಲ್ಲವೇ ಎಂದು ಭಾವ ವಾದಿಸಿದರು. ನಿಂತಿವೆ, ಆದರೆ ಹಳಬರು ಮನೆ ಕಟ್ಟಿದ್ದು ದಿಬ್ಬದ ಮೇಲೆ, ಗದ್ದೆಯಲ್ಲಲ್ಲ.

ಬ್ಲಾಕಿನಲ್ಲಿ ಎರಡು ಬಗೆಯನ್ನೂ ಅಲ್ಲೇ ಪರೀಕ್ಷಿಸುವ ಅವಕಾಶ ಸಿಕ್ಕಿತು. ಮೂರು ಬದಿಗೆ 16 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರದ ಸಾಲಿಡ್ ಬ್ಲಾಕ್. ಒಂದೊಂದೂ ಸುಮಾರು 35 ಕಿಲೋ ತೂಗುತ್ತದೆ, ಸಂಜೆಯ ಹೊತ್ತಿಗೆ ಕೆಲಸದವರ ಸೊಂಟ ಹೇಳುತ್ತದೆ ಅದರ ಗುಣ. ಹಿಂದಿನ ಬದಿಯ ಕಥೆ ಬೇರೆ. ಅಲ್ಲಿ ಪಕ್ಕದ ಗದ್ದೆ ಶೆಡ್ಡಿನ ನೆಲಕ್ಕಿಂತ ಮೂರೂವರೆ ಅಡಿ ತಗ್ಗು, ಗೋಡೆ ಒದ್ದೆ ಮಣ್ಣಿನ ತಳ್ಳನ್ನು ತಡೆಯಬೇಕು. ಎಂಟಿಂಚಿನ ಸಾಲಿಡ್ ಬ್ಲಾಕಿಗೆ ಮೇಲಿಂದ ಒತ್ತುವ ಭಾರ ಲೆಕ್ಕವಲ್ಲ, ಬದಿಯಿಂದ ತಳ್ಳಿದರೆ ಅದನ್ನು ಹಿಡಿದಿರುವುದು ಗಾರೆ ಮಾತ್ರ. ಹಾಗಾಗಿ ಅಲ್ಲಿ ಹಾಲೋ ಬ್ಲಾಕ್ ಇಡಿಸಿ, ಕೆಳಗಿನ ಕಾಂಕ್ರೀಟ್ ಬೆಡ್ಡಿನಿಂದಲೇ 12 ಎಂಎಂ ಸರಳು ಎಬ್ಬಿಸಿ, ತೂತುಗಳಿಗೆ ಬೇಬಿ ಜಲ್ಲಿಯ (ಸಣ್ಣ ಜಲ್ಲಿಯ) ಕಾಂಕ್ರೀಟ್ ತುಂಬಿಸಿದೆವು. ನೀರು ಬಸಿಯಲು ಗೋಡೆಯ ಬುಡದಲ್ಲಿ ಪೈಪ್ ತುಂಡುಗಳು. ಖಾಲಿ ಹಾಲೋ ಬ್ಲಾಕನ್ನು ಪಂಚಾಂಗಕ್ಕೆ ಇಡುವುದನ್ನು ನಾನು ಒಪ್ಪುವುದಿಲ್ಲ. ತುಂಬಿದ ಹಾಲೋ ಬ್ಲಾಕ್ ಮಾತ್ರ ಈ ಮೂರರಲ್ಲಿ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ನಿಧಾನ, ಮೇಸ್ತ್ರಿಗಳಿಗೆ ಎಲ್ಲಕ್ಕಿಂತ ಬೇಸರದ ಕೆಲಸ. ತೂತು ಬಿಟ್ಟುಬಿಟ್ಟು ತುಂಬಿಸುವ ಆಸೆ ಅವರಿಗೆ ಬಂದೇ ಬರುತ್ತದೆ, ಪಕ್ಕದಲ್ಲಿ ನಿಂತಿರಬೇಕು.

ಬ್ಲಾಕ್ ಕೊಳ್ಳುವಾಗ ದರಕ್ಕಿಂತ ಮೊದಲು ವಯಸ್ಸು ಕೇಳಿ. ಹೊಸ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಅಚ್ಚಿನಿಂದ ಇಳಿದ ವಾರಕ್ಕೇ ಕಟ್ಟಿದರೆ ಆ ಕುಗ್ಗುವಿಕೆ ನಿಮ್ಮ ಗೋಡೆಯಲ್ಲೇ ಮೆಟ್ಟಿಲು ಮೆಟ್ಟಿಲಾದ ಬಿರುಕಾಗಿ ಕಾಣಿಸುತ್ತದೆ. ತಿಂಗಳು ತುಂಬಿದ್ದನ್ನೇ ತರಿಸಿ. ಮೊಳೆಯಿಂದ ಗೀರಿದಾಗ ಪುಡಿ ಉದುರಿದರೆ ಆ ಯಾರ್ಡಿಗೆ ನಮಸ್ಕಾರ ಹೇಳಿ ಬನ್ನಿ.

ಮಣ್ಣು ತುಂಬುವುದರಲ್ಲಿ ಎರಡೂ ಜಾಗಕ್ಕೆ ನಿಯಮ ಒಂದೇ, ಶ್ರಮ ಮಾತ್ರ ಬೇರೆ. ಆರಿಂಚು ಕೆಂಪುಮಣ್ಣು, ಸ್ವಲ್ಪ ನೀರು, ಮಣ್ಣು ಕುಟ್ಟುವ ಪ್ಲೇಟ್ ಕಂಪ್ಯಾಕ್ಟರ್ ಮೆಷಿನು, ಮತ್ತೆ ಆರಿಂಚು. ಪರ್ಕಳದಲ್ಲಿ ತುಂಬಬೇಕಾದ್ದೇ ಒಂದಡಿ, ಮಧ್ಯಾಹ್ನದೊಳಗೆ ಮುಗಿಯಿತು. ಉದ್ಯಾವರದಲ್ಲಿ ಮೂರೂವರೆ ಅಡಿ. ಅಷ್ಟನ್ನೂ ಟಿಪ್ಪರಿನಿಂದ ಸುರಿದು ಮೇಲಿಂದ ಪೈಪ್ ಬಿಟ್ಟು 'ಕೂರಿಸುವ' ಪದ್ಧತಿಯನ್ನು ಅಲ್ಲಿನ ಕಂಟ್ರಾಕ್ಟರ್ ಸೂಚಿಸಿದರು. ನೀರು ಬಿಟ್ಟರೆ ಮೇಲಿನ ಪದರ ಕೂರುತ್ತದೆ, ಒಳಗಿನದು ಮುಂದಿನ ಮಳೆಗಾಲಕ್ಕೆ ಕಾಯುತ್ತದೆ. ನಾವು ಪದರ ಪದರವಾಗಿ ಕುಟ್ಟಿಸಿ, ಅದರ ಮೇಲೆ ಒಂದು ಮಳೆಗಾಲ ಹಾಗೇ ಬಿಟ್ಟು, ಬೇಸಿಗೆಯಲ್ಲಿ ನೆಲ ಹಾಕಿದೆವು. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಅದಕ್ಕಿಂತ ಅಗ್ಗದ ರೋಲರ್ ಇಲ್ಲ.

ಮಿಕ್ಸರೋ ರೆಡಿಮಿಕ್ಸೋ ಎಂಬುದನ್ನು ದರ ನೋಡಿ ತೀರ್ಮಾನಿಸುವವರೇ ಹೆಚ್ಚು. ನನ್ನ ಪ್ರಕಾರ ತೀರ್ಮಾನಿಸುವುದು ಕಬ್ಬಿಣ, ಅಂದರೆ ನೆಲದೊಳಗೆ ಸರಳು ಬೇಕೋ ಬೇಡವೋ ಎಂಬುದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿ ಅಳತೆ ಪಾತ್ರೆಯ ಲೆಕ್ಕದ ಮಿಶ್ರಣಕ್ಕೆ ಎಂ 20 ತನಕ (ಎಂ ಜೊತೆಗಿನ ಅಂಕೆ ಕಾಂಕ್ರೀಟಿನ ಬಲದ ದರ್ಜೆ) ಮಾತ್ರ ಅನುಮತಿ, ಅದರ ಮೇಲೆ ಲ್ಯಾಬಿನ ಡಿಸೈನ್ ಮಿಕ್ಸ್ ಬೇಕು. ಅದೇ ಮಾನಕ ಕರಾವಳಿಯ ಉಪ್ಪುಗಾಳಿಯಿಂದ ಮರೆಯಲ್ಲಿರುವ ಕಾಂಕ್ರೀಟಿಗೂ, ಒಳಗೆ ಕಬ್ಬಿಣ ಇದ್ದರೆ, ಕನಿಷ್ಠ ಎಂ 25 ಕೇಳುತ್ತದೆ. ನೇರ ಗಾಳಿಗೆ ತೆರೆದಿದ್ದರೆ ಎಂ 30. ಪರ್ಕಳದಲ್ಲಿ ಗಟ್ಟಿ ನೆಲದ ಮೇಲೆ ನಿಲ್ಲುವುದು ಒಂದು ಸಣ್ಣ ಕಾರು, ಒಂದೊಂದು ಚಕ್ರಕ್ಕೆ ಮುನ್ನೂರು ಕಿಲೋ ಆಸುಪಾಸು. ಕಬ್ಬಿಣವೇ ಬೇಡ, ಎಂ 20 ಸಾಕು, ಮಿಕ್ಸರ್ ಸಾಕು. ಉದ್ಯಾವರದ ತುಂಬಿದ ಮಣ್ಣಿನ ಮೇಲೆ 8 ಎಂಎಂ ಸರಳಿನ ಜಾಲ ಬೇಕಿತ್ತು, ಸಮುದ್ರವೂ ಹತ್ತಿರ, ಹಾಗಾಗಿ ಎಂ 25ರ ರೆಡಿಮಿಕ್ಸ್.

ಲೆಕ್ಕ ನೋಡಿ. 12 ಅಡಿ, 20 ಅಡಿ, 5 ಇಂಚು ಅಂದರೆ 100 ಘನ ಅಡಿ, ಮೂರು ಘನ ಮೀಟರಿಗೆ ಸ್ವಲ್ಪ ಕಡಿಮೆ. ಸಿಮೆಂಟ್, ಮರಳು, ಜಲ್ಲಿ 1:1.5:3ರ ಎಂ 20ಗೆ ಸುಮಾರು 23 ಚೀಲ ಸಿಮೆಂಟ್. ಮಿಕ್ಸರಿನಲ್ಲಿ ನಿಜವಾದ ಜಗಳ ನೀರಿನದು. 50 ಕಿಲೋ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಹೋಗಬಾರದು, ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲೇ ಸೇರಿತು. ನೀರು ಹಾಕುವವನ ಕೈಯಲ್ಲಿ ಪೈಪ್ ಇದ್ದರೆ ಆ ಲೆಕ್ಕ ದೇವರಿಗೇ ಪ್ರೀತಿ. ಗುರುತು ಹಾಕಿದ ಬಕೆಟ್ ಕೊಟ್ಟೆ. ಆದರೂ ಮಧ್ಯಾಹ್ನದ ಊಟದ ಮೇಲೆ ಹಾಕಿದ ಕಾಂಕ್ರೀಟ್ ಬೆಳಗಿನದಕ್ಕಿಂತ ನೀರುನೀರಾಗಿತ್ತು. ಈಗಲೂ ಆ ಅರ್ಧ ಗುಡಿಸಿದರೆ ಬಿಳಿ ಧೂಳು ಏಳುತ್ತದೆ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹೆಸರಲ್ಲಿ ಕ್ರಷರ್ ಡಸ್ಟ್ ಬಂದರೆ ನೀರು ಇನ್ನೂ ಜಾಸ್ತಿ ಕೇಳುತ್ತದೆ, ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕೈಗೆ ಹಿಟ್ಟು ಮೆತ್ತಿದರೆ ಲೋಡ್ ವಾಪಸ್. ಅಳಿವೆ ಕಡೆಯ ಮರಳಿನಲ್ಲಿ ಉಪ್ಪಿರುತ್ತದೆ, ಕಬ್ಬಿಣ ಇರುವಲ್ಲಿ ಅದು ಬೇಡವೇ ಬೇಡ.

ರೆಡಿಮಿಕ್ಸಿನಲ್ಲಿ ಈ ಯಾವ ತಲೆನೋವೂ ಇಲ್ಲ, ಬೇರೆಯವು ಇವೆ. ಸಾಮಾನ್ಯ ಲಾರಿ ಆರು ಘನ ಮೀಟರ್ ಹೊರುತ್ತದೆ, ನಮಗೆ ಬೇಕಾದ್ದು ಅರ್ಧ. ಅರ್ಧ ಲೋಡಿಗೆ ಬರಲು ಪ್ಲಾಂಟಿನವರು ಮೂಗು ಮುರಿಯುತ್ತಾರೆ, ಬಂದರೆ ಘನ ಮೀಟರ್ ದರ ಏರಿಸುತ್ತಾರೆ. ಘನ ಮೀಟರಿಗೆ 2.4 ಟನ್ ಲೆಕ್ಕದಲ್ಲಿ ಅರ್ಧ ಲೋಡೇ ಏಳು ಟನ್ ದಾಟುತ್ತದೆ, ಮೇಲೆ ಲಾರಿಯ ತೂಕ. ಓಣಿಯ ಮೋರಿ ತಡೆಯುತ್ತದೆಯೇ, ತೆಂಗಿನ ಗರಿ ಅಡ್ಡ ಬರುತ್ತದೆಯೇ, ಎಲ್ಲ ಮೊದಲೇ ನೋಡಬೇಕು. ನೀರು ಬೆರೆಸಿದ ಎರಡು ಗಂಟೆಯೊಳಗೆ ಇಳಿಸಬೇಕೆಂಬ ನಿಯಮವಿದೆ. ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡು ತಡವಾದ ಲಾರಿಗೆ "ಸ್ವಲ್ಪ ನೀರು ಬಿಡುವಾ" ಎಂದು ಡ್ರೈವರ್ ಕೇಳಿದರೆ ಬೇಡ ಅನ್ನುವ ಧೈರ್ಯ ನಿಮಗಿರಬೇಕು. ಆದರೆ ಇಳಿಯಲು ಶುರುವಾದರೆ ಇಡೀ ನೆಲ ಒಂದೇ ಬೀಸಿಗೆ ಮುಗಿಯುತ್ತದೆ, ನಡುವೆ ಊಟದ ಗೆರೆ ಬೀಳುವುದಿಲ್ಲ. ಮೇಲ್ಮೈ ಎಷ್ಟು ಗಟ್ಟಿ ಬಂದಿದೆ ಅಂದರೆ ಬೈಕಿನ ಸ್ಟ್ಯಾಂಡ್ ಗುರುತೂ ಬಿದ್ದಿಲ್ಲ. ಕೂಲಿಯ ಉಳಿತಾಯ ಸೇರಿಸಿಯೂ ಖರ್ಚು ಪರ್ಕಳಕ್ಕಿಂತ ಹೆಚ್ಚಾಯಿತು.

ಸರಳಿನ ಜಾಲ ನೆಲದ ಅಡಿಯಲ್ಲಿ ಮಲಗಬಾರದು, ಮೇಲಿನ ಮೂರನೇ ಒಂದು ಭಾಗದ ಮಟ್ಟದಲ್ಲಿರಬೇಕು. "ಹಾಕುವಾಗ ಎತ್ತುತ್ತೇವೆ" ಎಂಬುದನ್ನು ನಂಬದೆ, ಜಾಲವನ್ನು ಎತ್ತಿ ಹಿಡಿಯುವ ಸರಳಿನ 'ಕುರ್ಚಿ' ಇಡಿಸಿ. ಬಾಗಿಲ ಕಡೆಯ ಅಂಚನ್ನು ಎರಡೂ ಕಡೆ 8 ಇಂಚು ದಪ್ಪ ಮಾಡಿಸಿದೆ, ಚಕ್ರ ಹತ್ತುವುದು ಅಲ್ಲೇ. ಇಳಿಜಾರು ನೂರಕ್ಕೆ ಒಂದು, ಅಂದರೆ 20 ಅಡಿಗೆ ಎರಡೂವರೆ ಇಂಚಿಗೆ ಸ್ವಲ್ಪ ಕಡಿಮೆ. ಉದ್ದದ ನಡುವೆ ಅಡ್ಡಲಾಗಿ ಮರುದಿನ ಬೆಳಿಗ್ಗೆಯೇ ಒಂದೂಕಾಲು ಇಂಚು ಆಳದ ಗೆರೆ ಕೊಯ್ಸಿದೆ. ಬಿರುಕು ಬರುವುದಿದ್ದರೆ ಆ ಗೆರೆಯೊಳಗೇ ಬರಲಿ ಎಂದು. ಪರ್ಕಳದಲ್ಲಿ ಹೇಳಿದ ಮಾತು ಕೇಳಿ ಅಲ್ಲೇ ಬಂದಿದೆ.

ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಮಾತ್ರ ಫಲಿತಾಂಶ ಸ್ಪಷ್ಟ. ಉದ್ಯಾವರದಲ್ಲಿ ಕಾಂಕ್ರೀಟಿನಡಿ ದಪ್ಪ ಹಾಳೆ ಹಾಸಿದೆವು, ಪರ್ಕಳದ ಗುಡ್ಡದಲ್ಲಿ ಏಕೆ ಎಂದು ಬಿಟ್ಟೆವು. ಆಟಿಯಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಹೋಗಿ ನೋಡಿದರೆ ಗದ್ದೆಯ ಮೇಲಿನ ನೆಲ ಒಣಗಿದೆ, ಗುಡ್ಡದ ನೆಲ ಬೆವರುತ್ತದೆ. ಮೂಲೆಯಲ್ಲಿಟ್ಟ ಹೆಲ್ಮೆಟ್ಟಿಗೆ ಬೂಸ್ಟು.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆ ಇಟ್ಟು ಗಟ್ಟಿಯಾಗಿಸುವುದು: ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಉಪ್ಪಿನ ಊರಿಗೆ ಅದು ಒಳ್ಳೆಯದೇ, ಆದರೆ ನಿಧಾನ. ಕನಿಷ್ಠ 10 ದಿನ, ಬಿರುಬಿಸಿಲಲ್ಲಿ 14 ದಿನ ಒದ್ದೆ ಇರಬೇಕು. ಸುತ್ತ ಗಾರೆಯ ಸಣ್ಣ ಕಟ್ಟ ಕಟ್ಟಿ ನೀರು ನಿಲ್ಲಿಸಿದೆವು. ಉದ್ಯಾವರದಲ್ಲಿ ಬೇಸಿಗೆಗೆ ಹೊಳೆಯ ಭರತ ಮೇಲೇರಿ ಬಾವಿ ಉಪ್ಪಾಗುತ್ತದೆ. ಬ್ಲಾಕ್ ಕಟ್ಟುವ ಗಾರೆಗೂ, ಕ್ಯೂರಿಂಗಿಗೂ ಟ್ಯಾಂಕರ್ ತರಿಸಿದ ಖರ್ಚನ್ನು ಆ ಕಡೆಯವರು ಮೊದಲೇ ಹಿಡಿಯಬೇಕು.

ಕೊನೆಗೆ ಎಸ್ಟಿಮೇಟ್. ನೆಲದ ದರವನ್ನು ಎಲ್ಲರೂ ಚದರಡಿಗೇ ಹೇಳುತ್ತಾರೆ, ದಪ್ಪ ಅಲ್ಲೇ ಕರಗುವುದು. ಐದಿಂಚು ಮಾತಾಡಿ ನಾಲ್ಕಿಂಚು ಹಾಕಿದರೆ ಈ ಅಳತೆಯ ಶೆಡ್ಡಿನಲ್ಲಿ 20 ಘನ ಅಡಿ ಕಾಂಕ್ರೀಟ್ ನಿಮ್ಮ ಲೆಕ್ಕದಿಂದ ಮಾಯ. ದರವನ್ನು ಘನ ಅಡಿಯಲ್ಲಿ ಬರೆಸಿಕೊಳ್ಳಿ, ಹಾಕುವ ದಿನ ಐದಿಂಚಿಗೆ ಗುರುತು ಮಾಡಿದ ಒಂದು ತುಂಡು ಸರಳು ಹಿಡಿದು ಹಸಿ ಕಾಂಕ್ರೀಟಿಗೆ ಅಲ್ಲಲ್ಲಿ ಮೆಲ್ಲಗೆ ಚುಚ್ಚುತ್ತಾ ಹೋಗಿ. ಪ್ಲಾಸ್ಟಿಕ್ ಹಾಳೆ ಹರಿಯದಂತೆ ನೋಡಿಕೊಳ್ಳಿ, ಅಷ್ಟೆ.