ಕನ್ನಡಿಗೆ ಪರದೆ ಎಳೆಯುವ ನೃತ್ಯ ತರಗತಿ

ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಕುಣಿಯಲು ಬರುವ ಮಹಿಳೆಯರಿಗಾಗಿಯೇ ನಡೆಯುವ ಜುಂಬಾ ತರಗತಿಯೊಂದಕ್ಕೆ ನಾನು ಕೆಲವು ತಿಂಗಳುಗಳಿಂದ ಹೋಗುತ್ತಿದ್ದೇನೆ. ಸಾಲ್ಸಾ, ಮೆರೆಂಗೆ, ಕುಂಬಿಯಾ ಮುಂತಾದ ಲ್ಯಾಟಿನ್ ಅಮೆರಿಕದ ನೃತ್ಯಗಳ ಸರಳ ಹೆಜ್ಜೆಗಳನ್ನು ವ್ಯಾಯಾಮದೊಂದಿಗೆ ಬೆರೆಸಿ ಕೊಲಂಬಿಯಾದ ಬೆಟೊ ಪೆರೆಸ್ 1990ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯನ್ನು ಹಲವರು ತೂಕ ಇಳಿಸುವ ಸಾಧನವೆಂದಷ್ಟೇ ನೋಡುತ್ತಾರೆ. ಈ ತರಗತಿಯಲ್ಲಿ ತೂಕದ ಮಾತೇ ಏಳುವುದಿಲ್ಲ. ಸೇರುವಾಗ ಯಾರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುವುದಿಲ್ಲ, ಸೊಂಟದ ಅಳತೆ ತೆಗೆಯುವುದಿಲ್ಲ.

ಕೋಣೆಯ ಒಂದು ಗೋಡೆಯುದ್ದಕ್ಕೂ ಕನ್ನಡಿಯಿದೆ. ಆದರೆ ಹೊಸ ಹೆಜ್ಜೆಯನ್ನು ತಿದ್ದಿಕೊಳ್ಳುವಷ್ಟು ಹೊತ್ತು ಬಿಟ್ಟರೆ ಉಳಿದ ಸಮಯವೆಲ್ಲ ಶಿಕ್ಷಕಿ ಅದಕ್ಕೆ ಪರದೆ ಎಳೆದಿರುತ್ತಾರೆ. ಕನ್ನಡಿಯೆದುರು ನಿಂತಾಗ ಕಣ್ಣು ಪಾದದ ಮೇಲಿರದೆ ಹೊಟ್ಟೆಯತ್ತ, ತೋಳುಗಳತ್ತ ಹೋಗುತ್ತದೆಂಬುದು ನಮ್ಮಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಪರದೆ ಬಿದ್ದ ಮೇಲೆ ತಾಳ ಹಿಡಿಯಲು ಪಕ್ಕದವರನ್ನೇ ನೋಡಬೇಕಾಗುತ್ತದೆ. ಪ್ರತಿ ಹಾಡಿಗೂ ಮುಂದಿನ ಸಾಲಿನವರು ಹಿಂದಕ್ಕೆ ಸರಿಯುವುದರಿಂದ ಮೂಲೆ ಹಿಡಿದು ನಿಲ್ಲಲು ಯಾರಿಗೂ ಆಗುವುದಿಲ್ಲ.

ಸ್ತನದ ಶಸ್ತ್ರಚಿಕಿತ್ಸೆಯ ನಂತರ ಎಡಗೈಯನ್ನು ಭುಜಕ್ಕಿಂತ ಮೇಲೆತ್ತಲಾಗದ ಒಬ್ಬರು ನಮ್ಮ ಸಾಲಿನಲ್ಲಿದ್ದಾರೆ. ಎರಡೂ ಕೈಗಳನ್ನು ತಲೆಯ ಮೇಲೆ ಬೀಸುವ ಒಂದು ಹೆಜ್ಜೆಯಲ್ಲಿ ಅವರು ಸಂಕೋಚದಿಂದ ನಿಂತುಬಿಟ್ಟಾಗ, ಅವರ ಎರಡೂ ಬದಿಯಲ್ಲಿದ್ದವರು ಮಾತಿಲ್ಲದೆ ತಮ್ಮ ಕೈಗಳನ್ನು ಭುಜದ ಮಟ್ಟಕ್ಕೆ ಇಳಿಸಿದರು. ಮುಂದಿನ ಸುತ್ತಿಗೆ ಇಡೀ ಸಾಲು ಹಾಗೆಯೇ ಕುಣಿಯಿತು, ಶಿಕ್ಷಕಿಯೂ ಅದನ್ನೇ ಆ ಹಾಡಿನ ಹೆಜ್ಜೆಯಾಗಿ ಉಳಿಸಿಕೊಂಡರು. ಒಂದೇ ತಾಳಕ್ಕೆ ಒಟ್ಟಾಗಿ ಕುಣಿದವರಲ್ಲಿ ಪರಸ್ಪರ ಆಪ್ತತೆಯೂ ನೋವು ತಾಳಿಕೊಳ್ಳುವ ಶಕ್ತಿಯೂ ಹೆಚ್ಚುತ್ತವೆಯೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ನಂಬಲು ಆ ಸಾಲೇ ಸಾಕು. ತರಗತಿ ಮುಗಿದ ಮೇಲೂ ಶೂ ಬಿಚ್ಚುವ ನೆಪದಲ್ಲಿ ಎಲ್ಲರೂ ಬಹಳ ಹೊತ್ತು ಕುಳಿತಿರುತ್ತಾರೆ. ಯಾರಾದರೂ ಎರಡು ದಿನ ಬರದಿದ್ದರೆ ಫೋನು ಹೋಗುತ್ತದೆ. ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಕರೆಸಿಕೊಂಡು ಬಂದವರಿಗೆ ತಮ್ಮ ಹೆಸರಿನಿಂದಲೇ ಗುರುತಿಸುವ ಗೆಳತಿಯರು ಸಿಗುವುದು ಸಣ್ಣ ಮಾತಲ್ಲ.

ಕೊರತೆಗಳೂ ಇವೆ. ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ನೆಲ ಜಿಗಿತಕ್ಕೆ ಒಗ್ಗುವುದಿಲ್ಲ, ಮಂಡಿಗೆ ಪೆಟ್ಟಾಗುತ್ತದೆ. ಮರದ ನೆಲ ಹಾಕಿಸುವುದು ಅಗತ್ಯ. ಹಾಡುಗಳು ಲಂಬಿಸಿದ ದಿನ ಕೊನೆಯ ಸ್ಟ್ರೆಚಿಂಗ್ ಅವಸರದಲ್ಲಿ ಮುಗಿಯುತ್ತದೆ, ಇದು ತಪ್ಪು.

ವೇದಿಕೆಯ ಮೇಲೆ ಪ್ರದರ್ಶನ ಕೊಡುವ ಮಟ್ಟದ ಶಿಕ್ಷಣ ಬೇಕೆನ್ನುವವರು ಬೇರೆ ಕಡೆ ನೋಡಬೇಕು. ಆದರೆ ತಮ್ಮ ದೇಹವನ್ನು ಕುರಿತು ನಾಚಿಕೊಂಡು ಇಷ್ಟು ದಿನ ಹಿಂದೆ ಸರಿದವರು ಧೈರ್ಯವಾಗಿ ಸೇರಬಹುದು. ಮಂಡಿನೋವಿರುವವರು ಮೊದಲೇ ಶಿಕ್ಷಕಿಗೆ ತಿಳಿಸಿದರೆ ಜಿಗಿತದ ಬದಲು ನಡಿಗೆಯ ಹೆಜ್ಜೆ ಹೇಳಿಕೊಡುತ್ತಾರೆ. ಓಟದ ಶೂ ಬೇಡ. ಅದರ ಅಡಿ ನೆಲಕ್ಕೆ ಬಿಗಿಯಾಗಿ ಹಿಡಿಯುವುದರಿಂದ ತಿರುಗುವಾಗ ಮಂಡಿ ಉಳುಕುವ ಅಪಾಯವಿದೆ.