ಹಳೇಬೀಡಿಗೆ ಇಡೀ ಒಂದು ದಿನ ಕೊಡಿ

ನಾನು ಹಾಸನದಲ್ಲಿ ಟೈಲರಿಂಗ್ ಮಾಡುತ್ತೇನೆ. ಹಳೇಬೀಡು ಇಲ್ಲಿಂದ ಬರೀ 30 ಚಿಲ್ಲರೆ ಕಿಲೋಮೀಟರ್. ಆದರೂ ಅದನ್ನು ಕಣ್ತುಂಬಾ ನೋಡಿದ್ದು ಹೋದ ತಿಂಗಳು, ಅತ್ತೆಯ ಜೊತೆ.

ಎರಡು ವರ್ಷದ ಹಿಂದೆ ಒಂದು ಟೂರಿಸ್ಟ್ ವ್ಯಾನಿನಲ್ಲಿ ಹೋಗಿದ್ದೆವು. ಬೇಲೂರು, ಹಳೇಬೀಡು, ಬೆಳವಾಡಿ ಮೂರೂ ಒಂದೇ ದಿನ. ಹಳೇಬೀಡಿನಲ್ಲಿ ಮುಕ್ಕಾಲು ಗಂಟೆಗೇ ಹಾರ್ನ್ ಶುರುವಾಯಿತು. ಅತ್ತೆಗೆ ಮೊಣಕಾಲು ನೋವು. ಒಂದು ಸುತ್ತು ಕೂಡ ಮುಗಿದಿರಲಿಲ್ಲ. ವ್ಯಾನ್ ಹತ್ತುವಾಗ ಅವರು ತಿರುಗಿ ತಿರುಗಿ ನೋಡಿದ್ದು ನನಗೆ ಮರೆತೇ ಇಲ್ಲ.

ಅದಕ್ಕೇ ಈ ಸಲ ಬೆಳಿಗ್ಗೆಯೇ ಕೆಂಪು ಬಸ್ ಹತ್ತಿದೆವು. ಶಕ್ತಿ ಯೋಜನೆ ಇರೋದರಿಂದ ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಸುಮಾರು ಒಂದು ಗಂಟೆ ದಾರಿ. ಬಸ್ ಸ್ಟ್ಯಾಂಡಿನಿಂದ ಹೊಯ್ಸಳೇಶ್ವರ ದೇವಸ್ಥಾನ ಹತ್ತಿರವೇ. ಒಳಗೆ ಹೋಗೋಕೂ ಟಿಕೆಟ್ ಇಲ್ಲ. ಚಪ್ಪಲಿ ಬಿಟ್ಟು ಹೋಗಬೇಕು, ಮಧ್ಯಾಹ್ನ ಕಲ್ಲು ಕಾದ ಹೆಂಚಿನ ಹಾಗಿರುತ್ತದೆ. ಕಾಲುಚೀಲ ಇಟ್ಟುಕೊಳ್ಳಿ, ವಯಸ್ಸಾದವರಿದ್ದರೆ ಖಂಡಿತ.

ಗೇಟಿನ ಹತ್ತಿರ ಗುರುತಿನ ಚೀಟಿ ಹಾಕಿಕೊಂಡಿದ್ದ ಗೈಡ್ ಒಬ್ಬರನ್ನು 500 ರೂಪಾಯಿಗೆ ಮಾತಾಡಿಕೊಂಡೆವು. ಆ ದಿನ ಖರ್ಚು ಮಾಡಿದ್ದರಲ್ಲಿ ಅತಿ ಸಾರ್ಥಕವಾದ ದುಡ್ಡು ಅದೇ. ಅವಸರ ಮಾಡಲಿಲ್ಲ. ಅತ್ತೆ ಕೂತರೆ ಅವರೂ ಪಕ್ಕದಲ್ಲೇ ಕೂತು ಕಥೆ ಹೇಳುತ್ತಿದ್ದರು. ಆಗ ಈ ಊರು ದೋರಸಮುದ್ರ, ಹೊಯ್ಸಳರ ರಾಜಧಾನಿ. ವಿಷ್ಣುವರ್ಧನನ ಕಾಲದಲ್ಲಿ, 1121ರ ಹೊತ್ತಿಗೆ, ಅವನ ಅಧಿಕಾರಿ ಕೇತಮಲ್ಲ ಈ ಗುಡಿ ಕಟ್ಟಿಸಲು ಶುರು ಮಾಡಿದ್ದು. ಒಂದು ಗರ್ಭಗುಡಿ ಹೊಯ್ಸಳೇಶ್ವರನಿಗೆ, ಇನ್ನೊಂದು ಶಾಂತಲೇಶ್ವರನಿಗೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಆಮೇಲೆ ಈ ಊರು ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ಗೋಡೆ ಮುಂದೆ ನಿಂತಾಗ ನನಗೆ ಮೊದಲು ಕಂಡದ್ದು ಅಂಚು. ಸೀರೆಗೆ ಅಂಚಿನ ಮೇಲೆ ಅಂಚು ಕೂರಿಸಿದ ಹಾಗೆ ಸಾಲು ಸಾಲು. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಕೊನೆಗೆ ಹಂಸ. ಆನೆಗಳು ಸಾವಿರದ ಮೇಲಿವೆ. ದೂರದಿಂದ ಎಲ್ಲಾ ಒಂದೇ ಥರ. ಹತ್ತಿರ ಹೋಗಿ ನೋಡಿ, ಒಂದು ಸೊಂಡಿಲು ಸುತ್ತಿಕೊಂಡಿದೆ, ಇನ್ನೊಂದು ಮುಂದಿನದರ ಬಾಲಕ್ಕೆ ತಾಗಿಸಿದೆ. ಅತ್ತೆ ಬೆರಳು ಚಾಚಿ ಎಣಿಸೋಕೆ ಶುರು ಮಾಡಿ, ಐವತ್ತಕ್ಕೆ ನಿಲ್ಲಿಸಿ, ಮುಂದಿನ ಮೂಲೆಗೆ ಹೊರಟೇ ಬಿಟ್ಟರು.

ಇದು ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಅದೇ ಜಾತಿ. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ಗೈಡ್ ಹೇಳಿದರು. ದಕ್ಷಿಣ ಬಾಗಿಲಿನ ದ್ವಾರಪಾಲಕರ ಮುಂದೆ ನಾನು ತುಂಬಾ ಹೊತ್ತು ನಿಂತೆ. ಕೈಗಳು ಮುರಿದಿವೆ. ಆದರೆ ಮೈಮೇಲಿನ ಒಡವೆ ನೋಡಬೇಕು! ಒಂದೊಂದು ಮಣಿಯೂ ಬೇರೆ ಬೇರೆ, ನಡುವೆ ಸೂಜಿಮೊನೆಯಷ್ಟು ಸಂದು. ಸರ ಎಲ್ಲಿ ಜೋತು ಬೀಳಬೇಕೋ ಅಲ್ಲೇ ಜೋತು ಬಿದ್ದಿದೆ, ಹೊಟ್ಟೆಯ ಉಬ್ಬಿಗೆ ತಕ್ಕ ಹಾಗೆ ಬಾಗಿದೆ. ಬಟ್ಟೆಯಲ್ಲಿ ಆ ಬೀಳು ತರೋಕೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಲ್ಲನ್ನು? ಕೆಲವು ಶಿಲ್ಪಿಗಳು ತಮ್ಮ ಹೆಸರನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು.

ಮ್ಯೂಸಿಯಂ ಪಕ್ಕದಲ್ಲೇ ಇದೆ, ಶುಕ್ರವಾರ ರಜೆ.

ಊಟಕ್ಕೆ ರಸ್ತೆ ಬದಿಯ ಒಂದು ಸಣ್ಣ ಹೋಟೆಲ್. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಎರಡೂ ಚೆನ್ನಾಗಿದ್ದವು. ಸಾಂಬಾರು ಆರಿತ್ತು, ಕೈ ತೊಳೆಯೋ ಜಾಗ ಕ್ಲೀನ್ ಇರಲಿಲ್ಲ. ಇಷ್ಟು ಜನ ಬರೋ ಊರು, 2023ರಲ್ಲಿ ಇಲ್ಲಿನ ದೇವಸ್ಥಾನ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿದೆ. ಆ ಒಂದು ನಲ್ಲಿಯ ಕಡೆ ಗಮನ ಕೊಡಬಹುದಿತ್ತು ಅಲ್ವಾ?

ಆಮೇಲೆ ಬಸ್ತಿಹಳ್ಳಿ. ವ್ಯಾನಿನವರು ಇದನ್ನು ತೋರಿಸಿಯೇ ಇರಲಿಲ್ಲ. ನಡೆದೇ ಹೋಗಬಹುದು, ಅತ್ತೆಗೋಸ್ಕರ ಆಟೋ ಹಿಡಿದೆವು. ಮೂರು ಬಸದಿಗಳು, ನಾವು ಹೋದಾಗ ನಾವಿಬ್ಬರೇ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ಅಪ್ಪನ ನೆನಪಿಗೆ ಕಟ್ಟಿಸಿದ್ದು. ಒಳಗಿನ ಕಂಬಗಳು ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುತ್ತವೆ. ಅತ್ತೆ ಒಂದು ಕಂಬದ ಹತ್ತಿರ ಬಗ್ಗಿ, ತಮ್ಮ ಮುಖ ಕಂಡು, ಬೆವರಿಗೆ ಹರಡಿದ್ದ ಕುಂಕುಮವನ್ನು ಸೆರಗಿನ ತುದಿಯಲ್ಲಿ ಸರಿಮಾಡಿಕೊಂಡರು. 900 ವರ್ಷ ಹತ್ತಿರ ಹತ್ತಿರ ಆದ ಪಾಲಿಶ್ ಅದು!

ಕೇದಾರೇಶ್ವರ ಗುಡಿಯನ್ನು ಹೊರಗಿನಿಂದ ಒಂದು ಸುತ್ತು ಹಾಕಿದೆವು. ಹುಲಿಕೆರೆಯ ಕಲ್ಯಾಣಿ ಮುಂದಿನ ಸಲಕ್ಕೆ ಉಳಿಯಿತು.

ಸಂಜೆ ವಾಪಸ್ ದೊಡ್ಡ ಗುಡಿಗೇ ಬಂದೆವು. ನಂದಿ ಮಂಟಪಗಳ ಆಚೆ ದೋರಸಮುದ್ರದ ಕೆರೆ. ಊರಿಗೆ ಹೆಸರು ಕೊಟ್ಟಿದ್ದೇ ಈ ನೀರು. ಬಿಸಿಲು ಇಳಿದಿತ್ತು, ಗಾಳಿ ತಣ್ಣಗೆ ಬರುತ್ತಿತ್ತು. ಹುಲ್ಲಿನ ಮೇಲೆ ಅತ್ತೆ ಕಾಲು ನೀಡಿ ಕೂತರು. ಬಸ್ಸಿಗೆ ಇನ್ನೂ ಟೈಮಿದೆ ಅಂದೆ. "ಮುಂದಿನ ಬಸ್ಸಿಗೇ ಹೋದರಾಯ್ತು ಬಿಡು," ಅಂದರು.